ಮೈಕ್ ಮುಂದೆ ನಾಲಿಗೆ ತೊಡರುವ ಪದಗಳು: ಓದುವ ಮುಂಚೆ ಮಾಡಿಕೊಳ್ಳಬೇಕಾದ ತಯಾರಿ

ನವೆಂಬರ್ ಹತ್ತಿರ ಬಂದರೆ ಸಾಕು, ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಸರ್, ನಾಳಿದ್ದು ಸ್ವಾಗತ ಓದಬೇಕು. ಕೆಲವು ಪದ ಬಾಯಿಗೆ ಬರ್ತಾನೇ ಇಲ್ಲ. ಏನು ಮಾಡಲಿ?’ ಕೇಳುವವರು ಬೇರೆ ಬೇರೆ. ರಾಜ್ಯೋತ್ಸವಕ್ಕೆ ನಿರೂಪಣೆ ಒಪ್ಪಿಕೊಂಡ ಕಾಲೇಜು ಹುಡುಗಿ, ವಾರ್ಷಿಕ ವರದಿ ಓದಬೇಕಾದ ಮೇಷ್ಟ್ರು, ದೇವಸ್ಥಾನದ ದೇಣಿಗೆ ಪಟ್ಟಿ ಕೈಗೆ ಬಂದ ಊರ ಹುಡುಗ. ದಾವಣಗೆರೆ, ಚಿತ್ರದುರ್ಗದ ಕಡೆ ಸಭೆ-ಸಮಾರಂಭಕ್ಕೇನೂ ಬರವಿಲ್ಲ, ಅಲ್ವಾ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದು ಸಲ ಕೂತು ಬರೆದುಬಿಡುತ್ತೇನೆ.

ಮೊದಲೇ ಒಂದು ಮಾತು. ಓದುವಾಗ ಎಡವಿದರೆ ನಿಮಗೆ ಕನ್ನಡ ಬರುವುದಿಲ್ಲ ಅಂತಲ್ಲ. ಕಣ್ಣಿಗೆ ಪರಿಚಯವಿರುವ ಪದ ಬಾಯಿಗೂ ಪರಿಚಯ ಇರಬೇಕೆಂದೇನಿಲ್ಲ. ‘ದಾರಿದ್ರ್ಯ’ ಎಂಬ ಪದವನ್ನು ಪೇಪರಿನಲ್ಲಿ ನೂರಾರು ಸಲ ನೋಡಿರುತ್ತೀರಿ. ಬಾಯಿಬಿಟ್ಟು ಎಷ್ಟು ಸಲ ಹೇಳಿದ್ದೀರಿ? ಮನೆಯಲ್ಲಿ ನಾವು ‘ಬಡತನ’ ಅಂತೀವಿ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಬಾಯಿಗೆ ಕೊಡುವ ಕೆಲಸ. ಮನಸ್ಸಿನಲ್ಲೇ ಓದಿಕೊಂಡರೆ ಇದರಲ್ಲಿ ಒಂದೂ ಪ್ರಯೋಜನಕ್ಕೆ ಬರುವುದಿಲ್ಲ.

ಬೇಕಾಗುವ ಸಾಮಾನು ಕಡಿಮೆ. ಓದಬೇಕಾದದ್ದರ ಒಂದು ಪ್ರತಿ, ಒಂದು ಪೆನ್ಸಿಲ್, ರೆಕಾರ್ಡ್ ಮಾಡಲು ಮೊಬೈಲ್. ಮನೆಯಲ್ಲಿ ಕೇಳಲು ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಸಮಯ ಎರಡು ದಿನ ಇದ್ದರೆ ಸಾಕು. ಒಂದೇ ರಾತ್ರಿ ಇದ್ದರೂ ಪರವಾಗಿಲ್ಲ, ಆದರೆ ಆಗ ಮೂರನೇ ಹಂತಕ್ಕೆ ಜಾಸ್ತಿ ಸಮಯ ಕೊಡಿ.

1. ಮೊದಲು ಕಾಗದ ಸರಿ ಮಾಡಿಕೊಳ್ಳಿ

ಎಷ್ಟೋ ಸಲ ತಪ್ಪು ನಾಲಿಗೆಯದಲ್ಲ, ಕಾಗದದ್ದು. ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಇರಲಿ. ನಮ್ಮ ಒತ್ತಕ್ಷರಗಳು ಅಕ್ಷರದ ಕೆಳಗೆ ಕೂರುತ್ತವೆ. ಸಾಲು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗಿ, ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ. ಉದ್ದದ ಪದ ಸಾಲಿನ ಕೊನೆಯಲ್ಲಿ ಎರಡು ತುಂಡಾಗಬಾರದು. ವಾಕ್ಯ ಒಂದು ಹಾಳೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಬಾರದು. ಹಾಳೆಯ ಒಂದೇ ಮಗ್ಗುಲಿಗೆ ಪ್ರಿಂಟ್ ಹಾಕಿಸಿ, ಪುಟದ ನಂಬರ್ ಬರೆಯಿರಿ.

ಎಚ್ಚರಿಕೆ: ಕನ್ನಡ ಟೈಪ್ ಮಾಡುವ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊಬೈಲಿನಲ್ಲಿ ತೆರೆದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಯೂನಿಕೋಡ್‌ಗೆ ಬದಲಿಸುವಾಗಲೂ ಅಲ್ಲೊಂದು ಇಲ್ಲೊಂದು ಒತ್ತು ಕಳಚಿಕೊಳ್ಳಬಹುದು. ಬದಲಿಸಿದ ಮೇಲೆ ಒಂದು ಸಲ ಪೂರ್ತಿ ನೋಡಿ.

ಇನ್ನೊಂದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡು ಓದುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಲ-ಳ, ನ-ಣ, ತ-ಟ ಎಲ್ಲ ಒಂದೇ ಆಗಿಬಿಡುತ್ತವೆ. ವೇದಿಕೆ ಮೇಲೆ ಅದು ‘ತಾಳಿ’ಯೋ ‘ತಾಲಿ’ಯೋ ಅಂತ ಯೋಚಿಸುತ್ತಾ ನಿಲ್ಲಬೇಕಾಗುತ್ತದೆ.

2. ಒಂದು ಸಲ ಗಟ್ಟಿಯಾಗಿ ಓದಿ, ಎಡವಿದಲ್ಲಿ ಗೆರೆ ಹಾಕಿ

ನಿಲ್ಲಿ. ಕೂತುಕೊಂಡಲ್ಲ, ನಿಂತು. ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ, ಶುರುವಿನಿಂದ ಕೊನೆವರೆಗೆ ಓದಿ. ತಪ್ಪಾದರೆ ನಿಲ್ಲಬೇಡಿ. ಮುಗಿದ ಮೇಲೆ ಕೇಳುತ್ತಾ, ತೊಡರಿದ ಪ್ರತಿ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ.

ಒಂದು ಸೂಕ್ಷ್ಮ ಇದೆ. ಗೆರೆ ಬಿದ್ದ ಪದವೇ ಯಾವಾಗಲೂ ಕಳ್ಳ ಅಲ್ಲ. ಓದುವಾಗ ಕಣ್ಣು ಬಾಯಿಗಿಂತ ಕೆಲವು ಪದ ಮುಂದೆ ಇರುತ್ತದೆ. ಮುಂದೆ ಒಂದು ಗಡುಸು ಪದ ಕಂಡ ಕೂಡಲೇ ಬಾಯಿ ಈಗಿನ ಸುಲಭದ ಪದದಲ್ಲೇ ಗಲಿಬಿಲಿಗೊಳ್ಳುತ್ತದೆ. ‘ಇಂದಿನ’ ಎಂಬಲ್ಲಿ ತಡವರಿಸಿದರೆ ಅದರ ಮುಂದಿನ ‘ಸ್ವಾತಂತ್ರ್ಯೋತ್ಸವ’ದ ಮೇಲೆ ಅನುಮಾನ ಇಡಿ.

3. ಬದಲಾಯಿಸಬಹುದಾದದ್ದನ್ನು ಬದಲಾಯಿಸಿ

ಇಡೀ ತಯಾರಿಯಲ್ಲಿ ಇದೇ ಮುಖ್ಯ, ಜನ ಮಾಡದೆ ಬಿಡುವುದೂ ಇದನ್ನೇ. ಗೆರೆ ಹಾಕಿದ ಪದಗಳನ್ನು ಎರಡು ಗುಂಪು ಮಾಡಿ. ನಿಮ್ಮ ಕೈಯಲ್ಲಿರುವುದು, ಇಲ್ಲದ್ದು.

ಹೆಸರು, ಬಿರುದು, ಹುದ್ದೆ, ಊರು, ವಚನದ ಸಾಲು, ಸಂವಿಧಾನದ ಪೀಠಿಕೆ, ಪ್ರತಿಜ್ಞೆ. ಇವು ನಿಮ್ಮ ಕೈಯಲ್ಲಿಲ್ಲ. ಇದ್ದ ಹಾಗೇ ಓದಬೇಕು. ಉಳಿದದ್ದೆಲ್ಲ ನಿಮ್ಮದೇ, ಅಥವಾ ನಿಮಗೆ ಬರೆದುಕೊಟ್ಟವರದ್ದು. ಅದನ್ನು ತಿದ್ದಲು ಯಾರ ಅಪ್ಪಣೆಯೂ ಬೇಕಿಲ್ಲ.

‘ಹೃತ್ಪೂರ್ವಕವಾಗಿ’ ಬಾಯಿಗೆ ಬರುವುದಿಲ್ಲವೇ? ‘ಮನಸಾರೆ’ ಅನ್ನಿ. ‘ಪ್ರಪ್ರಥಮ’ ಬಿಟ್ಟು ‘ಮೊಟ್ಟಮೊದಲ’ ಹಾಕಿ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದರೆ ‘ವೇದಿಕೆ ಮೇಲಿರುವ’ ಎಂದೇ ತಾನೆ? ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂಬುದನ್ನು ಪೂರ್ತಿ ಹೊಡೆದುಹಾಕಿ ವಿಷಯಕ್ಕೆ ಬನ್ನಿ. ‘ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿರುತ್ತದೆ’ ಎಂದು ಬರೆದುಕೊಟ್ಟಿದ್ದರೆ ‘ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ’ ಎಂದು ಓದಿ. ಯಾರೂ ಎದ್ದು ನಿಂತು ಕೇಳುವುದಿಲ್ಲ.

ಇನ್ನು ‘ಅಂತಹ’ ಎಂಬ ಕಾಟ. ‘ಅಧ್ಯಕ್ಷತೆಯನ್ನು ವಹಿಸಿಕೊಂಡಿರುವಂತಹ’, ‘ಆಗಮಿಸಿರುವಂತಹ’, ‘ನೆರೆದಿರುವಂತಹ’. ಈ ಬಾಲ ಎಲ್ಲಿಂದ ಬಂತೋ ಏನೋ, ಈಗ ಮೈಕ್ ಹಿಡಿದವರೆಲ್ಲರ ಬಾಯಲ್ಲೂ ಇದೆ. ಅರ್ಥಕ್ಕೆ ಏನೂ ಸೇರಿಸುವುದಿಲ್ಲ, ಪದವನ್ನು ಸುಮ್ನೆ ಉದ್ದ ಮಾಡುತ್ತದೆ. ಉದ್ದವಾದ ಪದದಲ್ಲಿ ಉಸಿರು ಕಟ್ಟುತ್ತದೆ. ‘ಅಧ್ಯಕ್ಷತೆ ವಹಿಸಿರುವ’, ‘ಬಂದಿರುವ’, ‘ಸೇರಿರುವ’. ಸಾಕು. ನಿಮ್ಮ ಹಾಳೆಯಲ್ಲಿ ಇರುವ ಅಷ್ಟೂ ‘ಅಂತಹ’ಗಳನ್ನು ಹೊಡೆದುಹಾಕಿ ನೋಡಿ, ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಈ ಹಂತ ಮುಗಿದಾಗ ಗೆರೆ ಉಳಿದ ಪದ ಹತ್ತು-ಹದಿನೈದಕ್ಕೆ ಇಳಿದಿರುತ್ತವೆ. ಮುಂದಿನ ಹಂತಗಳು ಅವಕ್ಕೆ ಮಾತ್ರ.

4. ಒತ್ತಕ್ಷರ ಬಿಡಿಸಿಕೊಳ್ಳಿ

ಒತ್ತಕ್ಷರ ಎಂದರೆ ನಡುವೆ ಸ್ವರವಿಲ್ಲದೆ ಎರಡು ಮೂರು ವ್ಯಂಜನ ಒಂದಕ್ಕೊಂದು ಅಂಟಿಕೊಂಡಿರುವುದು. ಅತಿ ಹೆಚ್ಚು ಎಡವುವುದು ಇಲ್ಲೇ, ಅದರಲ್ಲೂ ‘ರ’ ಸೇರಿದಾಗ.

‘ಚಿತ್ರದುರ್ಗ’ ಎಂಬ ಹೆಸರನ್ನೇ ನೋಡಿ. ಇದರಲ್ಲಿ ಎರಡು ‘ರ’ ಇವೆ, ಎರಡೂ ಬೇರೆ ಬಗೆ. ‘ತ್ರ’ದಲ್ಲಿ ರ ಒತ್ತಾಗಿ ಕೆಳಗೆ ಕೂತಿದೆ. ಅದನ್ನು ತಕಾರ ಆದ ಮೇಲೆ ಹೇಳುತ್ತೇವೆ. ‘ರ್ಗ’ದಲ್ಲಿ ಬರುವುದು ಅರ್ಕಾವತ್ತು. ಅದನ್ನು ಬರೆಯುವುದು ಗಕಾರದ ನಂತರ, ಹೇಳುವುದು ಗಕಾರಕ್ಕೆ ಮುಂಚೆ. ಕಣ್ಣಿಗೆ ಮೊದಲು ‘ಗ’ ಸಿಗುತ್ತದೆ, ಬಾಯಿಗೆ ಮೊದಲು ‘ರ್’ ಬೇಕು. ‘ಕಾರ್ಯಕ್ರಮ’ದಲ್ಲೂ ಇದೇ ಎರಡು ಬಗೆ ಅಕ್ಕಪಕ್ಕ ಬಂದಿವೆ. ಅದಕ್ಕೇ ಅದು ಎಷ್ಟೋ ಬಾಯಲ್ಲಿ ‘ಕಾಯ್ರಕ್ರಮ’ ಆಗುವುದು. ಹಾಳೆಯಲ್ಲಿ ಅರ್ಕಾವತ್ತು ಇರುವ ಕಡೆಯಲ್ಲೆಲ್ಲ ಅದರ ಹಿಂದಿನ ಅಕ್ಷರದ ಮೇಲೆ ಒಂದು ಸಣ್ಣ ಚುಕ್ಕಿ ಇಡಿ. ‘ಇಲ್ಲಿ ರ್ ಮೊದಲು’ ಎಂದು ಕಣ್ಣಿಗೆ ಮುಂಚೆಯೇ ಗೊತ್ತಾಗುತ್ತದೆ.

ಮೂರು ವ್ಯಂಜನ ಸೇರಿದ ಪದಕ್ಕೆ ನಾನು ಹೇಳಿಕೊಡುವ ಉಪಾಯ ಒಂದೇ: ಬಾಲದಿಂದ ಹಿಡಿಯಿರಿ. ‘ಸ್ವಾತಂತ್ರ್ಯೋತ್ಸವ’ವನ್ನು ಮುಂದಿನಿಂದ ಹಿಡಿದರೆ ಶುರುವಿನಲ್ಲಿ ಉತ್ಸಾಹ, ಕೊನೆಯಲ್ಲಿ ಕುಸಿತ. ಹಿಂದಿನಿಂದ ಕಟ್ಟಿ:

ಸವ
ಯೋತ್-ಸವ
ತ್ರ್ಯೋತ್-ಸವ
ತಂತ್ರ್ಯೋತ್-ಸವ
ಸ್ವಾ-ತಂತ್ರ್ಯೋತ್-ಸವ

ಒಂದೊಂದು ಮೆಟ್ಟಿಲನ್ನೂ ಮೂರು ಸಲ ಹೇಳಿ. ಪದದ ಕೊನೆಯ ಭಾಗ ಬಾಯಿಗೆ ಚೆನ್ನಾಗಿ ರೂಢಿಯಾಗಿರುವುದರಿಂದ, ಓದುವಾಗ ಗೊತ್ತಿಲ್ಲದ ಕಡೆಯಿಂದ ಗೊತ್ತಿರುವ ಕಡೆಗೆ ಹೋಗುತ್ತೀರಿ. ಪೀಠಿಕೆಯಲ್ಲಿ ಬರುವ ‘ಪ್ರಜಾಸತ್ತಾತ್ಮಕ’ಕ್ಕೂ ಇದೇ ದಾರಿ. ಮಕ, ತಾತ್-ಮಕ, ಸತ್-ತಾತ್-ಮಕ, ಪ್ರಜಾ-ಸತ್-ತಾತ್-ಮಕ. ‘ವೈಶಿಷ್ಟ್ಯ’, ‘ದಾರಿದ್ರ್ಯ’, ‘ಉಜ್ಜ್ವಲ’ ಇವನ್ನೂ ಹೀಗೇ ಪಳಗಿಸಬಹುದು. ‘ಜಾತ್ಯತೀತ’ಕ್ಕೆ ಮಾತ್ರ ಇದು ಬೇಡ. ಅದು ನಿಧಾನ ಮಾಡಿದರೆ ಸಾಕಾಗುವ ಪದ.

ಹಕಾರಕ್ಕೆ ಒತ್ತು ಬಂದರೆ ಇನ್ನೊಂದು ತಮಾಷೆ. ‘ಬ್ರಹ್ಮ’ ಎಂದು ಬರೆಯುತ್ತೇವೆ, ‘ಬ್ರಮ್ಹ’ ಅನ್ನುತ್ತೇವೆ. ‘ಚಿಹ್ನೆ’ಯನ್ನು ‘ಚಿನ್ಹೆ’, ‘ಮಧ್ಯಾಹ್ನ’ವನ್ನು ‘ಮಧ್ಯಾನ್ಹ’. ಇದನ್ನು ತಿದ್ದಬೇಕೇ ಎಂದು ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ, ತಲೆ ಕೆಡಿಸಿಕೊಳ್ಳಬೇಡಿ. ಓದಿದವರೂ ಹಾಗೇ ಅನ್ನುತ್ತಾರೆ. ಅಶೋಕನ ಶಾಸನ ಇರುವ ನಮ್ಮ ಬ್ರಹ್ಮಗಿರಿಯನ್ನು ‘ಬ್ರಮ್ಹಗಿರಿ’ ಅಂದರೆ ಯಾರಿಗೂ ಕಿವಿಗೆ ಚುಚ್ಚುವುದಿಲ್ಲ. ‘ಬ್ರಮ್ಮಗಿರಿ’ ಅಂದರೆ ಮಾತ್ರ ಚುಚ್ಚುತ್ತದೆ. ಹಕಾರ ಎಲ್ಲಾದರೂ ಕೇಳಿಸಬೇಕು.

‘ಜ್ಞ’ ಇರುವಲ್ಲಿ ನಿಜವಾದ ಅಪಾಯ ಇದೆ. ನಾವು ಅದನ್ನು ‘ಗ್ನ’ ಎಂಬಂತೆ ಹೇಳುತ್ತೇವೆ, ಅದಕ್ಕೇನೂ ತಕರಾರಿಲ್ಲ. ಆದರೆ ‘ಕೃತಜ್ಞ’ ಎಂದರೆ ಉಪಕಾರ ನೆನೆಯುವವನು, ‘ಕೃತಘ್ನ’ ಎಂದರೆ ಉಪಕಾರ ಮರೆತವನು. ವಂದನಾರ್ಪಣೆಯಲ್ಲಿ ಗಡುಸಾಗಿ ‘ಘ್ನ’ ಎಂದುಬಿಟ್ಟರೆ ಅರ್ಥ ತಲೆಕೆಳಗಾಗುತ್ತದೆ. ಇಲ್ಲಿ ಉಸಿರು ಹಾಕಬೇಡಿ, ‘ಗ್ನ್ಯ’ ಎಂದು ಮೆತ್ತಗೆ ಹೇಳಿ. ಭಯ ಇದ್ದರೆ ‘ಧನ್ಯವಾದ’ ಇದ್ದೇ ಇದೆ.

‘ಋ’ ಸೇರಿದ ಅಕ್ಷರವನ್ನು ಕನ್ನಡದಲ್ಲಿ ‘ರು’ ಎಂಬಂತೆ ಹೇಳುವುದು ರೂಢಿ. ಕೃಷಿ ಎಂದರೆ ಕ್ರುಷಿ, ಹೃದಯ ಎಂದರೆ ಹ್ರುದಯ. ಆ ‘ಉ’ಕಾರ ನುಂಗಿದರೆ ‘ನೇತೃತ್ವ’ ಹೋಗಿ ‘ನೇತ್ರತ್ವ’ ಆಗುತ್ತದೆ. ನೇತ್ರ ಎಂದರೆ ಕಣ್ಣು. ‘ಪುರಸ್ಕೃತರು’ ಎಂಬುದರಲ್ಲಿ ಅಪಾಯ ಬೇರೆ ತರದ್ದು. ಅವಸರದಲ್ಲಿ ‘ತಿರಸ್ಕೃತರು’ ಎಂದು ಬಾಯಿಂದ ಜಾರುತ್ತದೆ, ಪ್ರಶಸ್ತಿ ತೆಗೆದುಕೊಳ್ಳಲು ಬಂದವರು ಪಕ್ಕದಲ್ಲೇ ಕೂತಿರುತ್ತಾರೆ.

ಸೊನ್ನೆ (ಅನುಸ್ವಾರ) ಮುಂದಿನ ಅಕ್ಷರ ನೋಡಿ ಬಣ್ಣ ಬದಲಿಸುತ್ತದೆ. ‘ಅಂಚೆ’, ‘ಗಂಟೆ’, ‘ಕಂಪು’ ಮೂರರಲ್ಲೂ ಬೇರೆ ಬೇರೆ ದನಿ. ಇದನ್ನು ಬಾಯಿ ತಾನಾಗೇ ಮಾಡುತ್ತದೆ, ನೀವು ಕಲಿಯಬೇಕಾದ್ದಿಲ್ಲ. ವಿಸರ್ಗ, ಅಂದರೆ ಆ ಎರಡು ಚುಕ್ಕಿ, ಪದದ ನಡುವೆ ಬಂದರೆ ಮುಂದಿನ ಅಕ್ಷರ ಒತ್ತಿ ಹೇಳಿ: ‘ದುಃಖ’ ಎಂದರೆ ‘ದುಕ್ಖ’. ಕೊನೆಯಲ್ಲಿ ಬಂದರೆ ‘ಹ’ ಸೇರಿಸಿ: ‘ಸ್ವತಃ’ ಎಂದರೆ ‘ಸ್ವತಹ’. ಇಷ್ಟು ಸಾಕು.

5. ಉಸಿರಿನ ಅಕ್ಷರಗಳು

ಖ, ಘ, ಛ, ಠ, ಥ, ಧ, ಫ, ಭ ಇವು ಮಹಾಪ್ರಾಣಗಳು. ಹೇಳುವಾಗ ಜಾಸ್ತಿ ಉಸಿರು ಹೊರಗೆ ಬರುತ್ತದೆ. ಅಂಗೈಯನ್ನು ತುಟಿಯ ಮುಂದೆ ಹಿಡಿದು ‘ಪಲ’, ‘ಫಲ’ ಎಂದು ನೋಡಿ. ಎರಡನೆಯದಕ್ಕೆ ಅಂಗೈಗೆ ಗಾಳಿ ಹೆಚ್ಚು ಬಡಿದರೆ ಸರಿ. ಇಂಗ್ಲಿಷಿನ ಎಫ್ ಅಲ್ಲ, ತುಟಿ ಮುಚ್ಚಿ ತೆರೆಯಬೇಕು.

ಮಾತಿನಲ್ಲಿ ನಾವು ಮಹಾಪ್ರಾಣಗಳನ್ನು ಬಹಳ ಮಟ್ಟಿಗೆ ಬಿಟ್ಟುಬಿಡುತ್ತೇವೆ. ಅದು ತಪ್ಪಲ್ಲ, ನಮ್ಮ ಮಾತಿನ ರೀತಿ. ಓದುವಾಗಲೂ ಎಲ್ಲ ಕಡೆ ಎದೆ ಸೆಟೆಸಿ ಉಸಿರು ಹಾಕಿದರೆ ನಾಟಕದ ಮಾತಾಗುತ್ತದೆ. ಅರ್ಥ ಬದಲಾಗುವ ಕಡೆ ಮಾತ್ರ ಜಾಗ್ರತೆ ಸಾಕು. ‘ಧನಸಹಾಯ’ವನ್ನು ‘ದನಸಹಾಯ’ ಎಂದು ಓದಿದರೆ ನಮ್ಮ ಕಡೆಯ ರೈತರ ಸಭೆಯಲ್ಲಿ ಅರ್ಧ ಜನ ಖುಷಿಪಡುತ್ತಾರೆ, ಅರ್ಧ ಜನ ನಗುತ್ತಾರೆ. ‘ಪ್ರದಾನ’ ಎಂದರೆ ಕೊಡುವುದು, ‘ಪ್ರಧಾನ’ ಎಂದರೆ ಮುಖ್ಯವಾದದ್ದು. ಆಹ್ವಾನ ಪತ್ರಿಕೆಗಳಲ್ಲೇ ‘ಪ್ರಶಸ್ತಿ ಪ್ರಧಾನ ಸಮಾರಂಭ’ ಎಂದು ಅಚ್ಚಾಗಿರುತ್ತದೆ. ನೀವು ‘ಪ್ರಶಸ್ತಿ ಪ್ರದಾನ’ ಎಂದೇ ಓದಿ. ‘ಉಧ್ಘಾಟನೆ’ಯೂ ಹಾಗೇ ಅಚ್ಚಿನ ತಪ್ಪು. ಸರಿಯಾದದ್ದು ‘ಉದ್ಘಾಟನೆ’. ಉಸಿರು ಇರುವುದು ಘಕಾರದಲ್ಲಿ, ದಕಾರದಲ್ಲಲ್ಲ. ‘ಸಾನಿದ್ಯ’ ಎಂದು ಕಂಡರೆ ‘ಸಾನ್ನಿಧ್ಯ’ ಎಂದು ತಿದ್ದಿಕೊಳ್ಳಿ. ಪ್ರಿಂಟ್ ಆಗಿದೆ ಎಂದ ಮಾತ್ರಕ್ಕೆ ಸರಿ ಇರುತ್ತದೆ ಎಂದು ನಂಬಬೇಡಿ.

ಅಕಾರ-ಹಕಾರದ ಗೊಂದಲ ಎರಡು ಕಡೆಯಿಂದಲೂ ಕಚ್ಚುತ್ತದೆ. ಹಕಾರ ಬಿಡುವ ರೂಢಿಯವರು ‘ಹಾರ್ದಿಕ ಸ್ವಾಗತ’ವನ್ನು ‘ಆರ್ದಿಕ’ ಅನ್ನುತ್ತಾರೆ. ಕೇಳುವವರಿಗೆ ಅದು ‘ಆರ್ಥಿಕ ಸ್ವಾಗತ’. ಇದನ್ನು ತಿದ್ದಿಕೊಳ್ಳಲು ಹೋಗಿ ಸಿಕ್ಕಲ್ಲೆಲ್ಲ ಹಕಾರ ಸೇರಿಸುವವರು ಇನ್ನೂ ದೊಡ್ಡ ಗುಂಡಿಗೆ ಬೀಳುತ್ತಾರೆ. ‘ಆದರದ ಸ್ವಾಗತ’ಕ್ಕೆ ಒಂದು ಹಕಾರ ಸೇರಿಸಿ ಓದಿಕೊಳ್ಳಿ, ಮನಸ್ಸಿನಲ್ಲೇ. ಎರಡರಲ್ಲಿ ಯಾವುದು ನಿಮ್ಮ ಅಭ್ಯಾಸ ಎಂದು ರೆಕಾರ್ಡ್ ಕೇಳಿ ಮೊದಲು ತಿಳಿದುಕೊಳ್ಳಿ. ನಿಮ್ಮ ಹಾಳೆಯಲ್ಲಿ ಅ, ಆ, ಹ, ಹಾ ಇಂದ ಶುರುವಾಗುವ ಪದಗಳನ್ನಷ್ಟೇ ಸುತ್ತು ಹಾಕಿ ಐದು ಸಲ ಹೇಳಿ.

ಶ, ಷ, ಸ ಮೂರೂ ಒಂದೇ ಪದದಲ್ಲಿ ಓಡಾಡಿದರೆ ಯಾರಿಗಾದರೂ ಕಷ್ಟವೇ. ‘ಶಿಲಾಶಾಸನ’ದಲ್ಲಿ ಶ, ಶ, ಸ. ಕೋಟೆ ನೋಡಲು ಬಂದ ಶಾಲೆ ಮಕ್ಕಳು ‘ಶಿಲಾಸಾಶನ’ ಅನ್ನುವುದು ಮಾಮೂಲು. ‘ಶುಶ್ರೂಷಾಧಿಕಾರಿ’ಯಂತೂ ಆಸ್ಪತ್ರೆಯ ಕಾರ್ಯಕ್ರಮ ನಡೆಸುವವರಿಗೆ ತಪ್ಪಿದ್ದಲ್ಲ. ಷಕಾರಕ್ಕೂ ಶಕಾರಕ್ಕೂ ಇರುವ ವ್ಯತ್ಯಾಸ ಇವತ್ತು ಹೆಚ್ಚು ಕಿವಿಗಳಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಶಕಾರವಾಗಿಯೇ ಹೇಳಿದರೂ ನಡೆಯುತ್ತದೆ. ಸಕಾರ ಮಾಡಬೇಡಿ, ಅಷ್ಟೇ. ‘ಅಧ್ಯಕ್ಷರು’ ‘ಅದ್ಯಕ್ಸರು’ ಆಗದಂತೆ ನೋಡಿಕೊಳ್ಳಿ.

6. ಅಂಕಿಗಳನ್ನು ಅಕ್ಷರದಲ್ಲಿ ಬರೆದುಕೊಳ್ಳಿ

ಅಂಕಿ ಕಾಗದದ ಮೇಲೆ ಸಣ್ಣದು, ಬಾಯಲ್ಲಿ ಉದ್ದ. ಅದಕ್ಕೇ ಮೋಸ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅದನ್ನು ಓದಬೇಕಾದವರು ‘ಸಾವಿರದ ಒಂಬೈನೂರ ತೊಂಬತ್ತೇಳು’ ಅನ್ನಬೇಕು. ಒಂಬೈ, ತೊಂಬ ಎರಡೂ ಡಿಕ್ಕಿ ಹೊಡೆಯುತ್ತವೆ. 1999 ಬಂದರೆ ಮುಗಿಯಿತು: ಒಂಬೈನೂರ ತೊಂಬತ್ತೊಂಬತ್ತು. ವಾಣಿವಿಲಾಸ ಸಾಗರ ಅಣೆಕಟ್ಟು ಪೂರ್ತಿಯಾದ 1907 ಅದಕ್ಕಿಂತ ವಾಸಿ.

ಉಪಾಯ ಇಷ್ಟೇ. ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲಿ ಬರೆದು, ನೂರಾದ ಮೇಲೆ ಒಂದು ಅಡ್ಡಗೆರೆ ಹಾಕಿ, ಅಲ್ಲಿ ಅರೆಕ್ಷಣ ನಿಲ್ಲಿ. ಸಾವಿರದ ಒಂಬೈನೂರ / ತೊಂಬತ್ತೇಳು.

ದೇಣಿಗೆ ಪಟ್ಟಿ ಓದುವವರಿಗೆ ಇದು ಇನ್ನೂ ಮುಖ್ಯ. 1,09,900 ಎಂದರೆ ‘ಒಂದು ಲಕ್ಷದ ಒಂಬತ್ತು ಸಾವಿರದ ಒಂಬೈನೂರು’. ಹೆಸರು ತಪ್ಪಿದರೆ ಕ್ಷಮಿಸುತ್ತಾರೆ, ಕೊಟ್ಟ ದುಡ್ಡಿನಲ್ಲಿ ಒಂದು ಸೊನ್ನೆ ಬಿಟ್ಟರೆ ಅಲ್ಲೇ ಎದ್ದು ನಿಲ್ಲುತ್ತಾರೆ. ಹೊತ್ತನ್ನು ಓದುವಾಗ ಗಡಿಯಾರದ ಮಾತೇ ಇರಲಿ. 10-30 ಎಂದರೆ ಹತ್ತೂವರೆ, 11-45 ಎಂದರೆ ಹನ್ನೊಂದೂಮುಕ್ಕಾಲು.

ಮದುವೆ ಲಗ್ನಪತ್ರಿಕೆ ಓದುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ‘ಶ್ರೀಮನ್ನೃಪ ಶಾಲಿವಾಹನ ಶಕ 1947’ ಎಂಬಂತೆ ಇರುತ್ತದೆ. ಶ್ರೀಮನ್-ನೃಪ ಎಂದು ಎರಡು ಮಾಡಿ ಓದಿ. ನೃಪ ಎಂದರೆ ರಾಜ. ಆ 1947 ಸ್ವಾತಂತ್ರ್ಯ ಬಂದ ವರ್ಷವಲ್ಲ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ, ಅಂದರೆ 2025ರ ಯುಗಾದಿಗೆ ಶುರುವಾದ ವರ್ಷ. ಗೊತ್ತಿಲ್ಲದೆ ‘ಇಸವಿ’ ಎಂದು ಸೇರಿಸಿ ಓದಬೇಡಿ.

7. ಹೆಸರು, ಬಿರುದು, ಚುಕ್ಕಿ ಅಕ್ಷರ

ಬೇರೆಲ್ಲ ತಪ್ಪು ಜನ ಮರೆಯುತ್ತಾರೆ. ತಮ್ಮ ಹೆಸರು ತಪ್ಪಾಗಿದ್ದು ಮರೆಯುವುದಿಲ್ಲ. ಅನುಮಾನ ಬಂದರೆ ಕಾರ್ಯಕ್ರಮಕ್ಕೆ ಮುಂಚೆ ಅವರ ಹತ್ತಿರವೇ ಹೋಗಿ ‘ನಿಮ್ಮ ಹೆಸರು ಹೇಗೆ ಕರೀಬೇಕ್ರಿ?’ ಎಂದು ಕೇಳಿಬಿಡಿ. ಯಾರೂ ಬೇಜಾರು ಮಾಡಿಕೊಂಡಿದ್ದು ನಾನು ನೋಡಿಲ್ಲ.

ಚುಕ್ಕಿ ಹಾಕಿ ಮೊಟಕು ಮಾಡಿದ ಅಕ್ಷರಗಳನ್ನು ಮೊದಲೇ ಬಿಡಿಸಿ ಬರೆದುಕೊಳ್ಳಿ. ಡಾ. ಎಂದರೆ ಡಾಕ್ಟರ್, ಚಿ. ಎಂದರೆ ಚಿರಂಜೀವಿ, ಸೌ. ಎಂದರೆ ಸೌಭಾಗ್ಯವತಿ, ಲಿಂ. ಎಂದರೆ ಲಿಂಗೈಕ್ಯ, ಸ.ಹಿ.ಪ್ರಾ. ಶಾಲೆ ಎಂದರೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಇದರಲ್ಲಿ ಅಪಾಯದ್ದು ‘ದಿ.’ ಒಂದು ಕಡೆ ಅದು ದಿನಾಂಕ, ಇನ್ನೊಂದು ಕಡೆ ದಿವಂಗತ. ಒಮ್ಮೆ ನಾನೇ, ಹೊಸದರಲ್ಲಿ, ಎರಡು ಸಾಲು ಬೆರೆಸಿ ಎದುರಿಗೆ ಕೂತ ಹಿರಿಯರೊಬ್ಬರನ್ನು ದಿವಂಗತರ ಪಟ್ಟಿಗೆ ಸೇರಿಸಿದ್ದೆ. ಅವರು ಕೈ ಎತ್ತಿ ‘ಇನ್ನೂ ಇದೀನಪ್ಪಾ’ ಅಂದರು. ಆವತ್ತಿನಿಂದ ‘ದಿ.’ ಕಂಡಲ್ಲೆಲ್ಲ ಪೂರ್ತಿ ಬರೆದುಕೊಳ್ಳುತ್ತೇನೆ.

ನಮ್ಮ ಜಿಲ್ಲೆಗಳಲ್ಲಿ ಸ್ವಾಮೀಜಿಗಳ ಸಾನ್ನಿಧ್ಯ ಇಲ್ಲದ ಸಭೆ ಕಡಿಮೆ. ಬಿರುದುಗಳನ್ನು ತಡವರಿಸದೆ ಓದಬೇಕು. ‘ಶ್ರೀ ಷ.ಬ್ರ.’ ಎಂದರೆ ಷಟ್‌ಸ್ಥಲ ಬ್ರಹ್ಮಿ. ‘ಶ್ರೀ ಮ.ನಿ.ಪ್ರ.’ ಎಂದರೆ ಶ್ರೀಮನ್ನಿರಂಜನ ಪ್ರಣವಸ್ವರೂಪಿ. ಸಿರಿಗೆರೆ ಪೀಠದ್ದು ಇನ್ನೂ ಉದ್ದ: ಶ್ರೀಮದುಜ್ಜಯಿನಿ / ಸದ್ಧರ್ಮ / ಸಿಂಹಾಸನಾಧೀಶ್ವರ / ಶ್ರೀ ತರಳಬಾಳು ಜಗದ್ಗುರು. ಇಲ್ಲಿ ಗೆರೆ ಹಾಕಿದ ಕಡೆ ಮಾತ್ರ ಉಸಿರು. ‘ಸಿಂಹಾಸನಾಧೀಶ್ವರ’ದ ನಡುವೆ ಉಸಿರು ತೆಗೆದುಕೊಂಡರೆ ಪದ ಮುರಿಯುತ್ತದೆ. ಜೊತೆಗೆ ಬರುವ 1108 ಅನ್ನು ‘ಒಂದು ಒಂದು ಸೊನ್ನೆ ಎಂಟು’ ಎಂದು ಫೋನ್ ನಂಬರಿನಂತೆ ಓದಬೇಡಿ. ‘ಸಾವಿರದ ನೂರಾ ಎಂಟು’ ಎನ್ನಬೇಕು. ಯಾವ ಮಠಕ್ಕೆ ಯಾವ ಬಿರುದು ಎಂಬುದನ್ನು ಆ ಮಠದ ಆಹ್ವಾನ ಪತ್ರಿಕೆ ನೋಡಿಯೇ ಬರೆದುಕೊಳ್ಳಿ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ನಾಲಿಗೆಯ ತಪ್ಪು ಅಂತ ಯಾರೂ ಬಿಡುವುದಿಲ್ಲ.

ಊರಿನ ಹೆಸರಿಗೆ ಬಂದರೆ, ಳಕಾರ-ಲಕಾರ ಅಭ್ಯಾಸ ಮಾಡಲು ಚಿತ್ರದುರ್ಗ ಜಿಲ್ಲೆಯ ಮೂರು ತಾಲ್ಲೂಕು ಸಾಕು. ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು. ಳಕಾರಕ್ಕೆ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು, ಲಕಾರಕ್ಕೆ ಹಲ್ಲಿನ ಹಿಂದೆ ಬರಬೇಕು. ಹೊಳಲ್ಕೆರೆಯಲ್ಲಿ ಒಂದರ ಹಿಂದೆ ಒಂದು ಎರಡೂ ಇವೆ. ಮೂರು ಹೆಸರನ್ನೂ ಒಂದೇ ಉಸಿರಿನಲ್ಲಿ, ಮೊದಲು ನಿಧಾನ, ಆಮೇಲೆ ಜೋರು, ಹತ್ತು ಸಲ ಹೇಳಿ. ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಎಂಬ ಹಳೇ ಆಟಕ್ಕಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಆ ಆಟ ರಕಾರ ಪಳಗಿಸಲು ಚೆನ್ನ, ಆದರೆ ಕುರಿಮರಿಗಳನ್ನು ನೀವು ವೇದಿಕೆ ಮೇಲೆ ಕರೆಯುವುದಿಲ್ಲವಲ್ಲ.

ಓದಲು ಕಷ್ಟವಿಲ್ಲ, ಆದರೆ ಮುಜುಗರ ಎನ್ನುವ ಪದಗಳೂ ಇವೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಂಥದ್ದು. ಹೊಸಬರು ಅಲ್ಲಿಗೆ ಬಂದಾಗ ದನಿ ತಗ್ಗಿಸುತ್ತಾರೆ, ಇಲ್ಲವೇ ಕೆಮ್ಮುತ್ತಾರೆ. ತಗ್ಗಿಸಿದರೆ ಜನ ಆ ಪದವನ್ನೇ ಹಿಡಿದು ನಗುತ್ತಾರೆ. ಹಾಳೆಯಲ್ಲಿ ‘ಶಾಂತಿಸಾಗರ’ ಎಂದಿದ್ದರೆ ಹಾಗೇ ಓದಿ. ‘ಸೂಳೆಕೆರೆ’ ಎಂದಿದ್ದರೆ ಅಕ್ಕಪಕ್ಕದ ಪದಗಳಷ್ಟೇ ದನಿಯಲ್ಲಿ, ಅಷ್ಟೇ ವೇಗದಲ್ಲಿ ಓದಿ ಮುಂದೆ ಹೋಗಿ. ಆ ಸೀಮೆಯ ಜನರಿಗೆ ಅದು ನೀರು ಕೊಡುವ ಕೆರೆಯ ಹೆಸರು, ಅಷ್ಟೇ.

8. ಆ ದಿನ

ಹಿಂದಿನ ರಾತ್ರಿ ಎರಡು ಸಲ, ಬೆಳಗ್ಗೆ ಒಂದು ಸಲ ಗಟ್ಟಿಯಾಗಿ ಓದಿ. ಅದಕ್ಕಿಂತ ಜಾಸ್ತಿ ಬೇಡ, ಗಂಟಲು ಕಟ್ಟುತ್ತದೆ. ವೇದಿಕೆ ಹತ್ತುವ ಮುಂಚೆ ತಣ್ಣೀರು, ಐಸ್ ಕ್ರೀಂ ಬಿಟ್ಟು ಸಾಮಾನ್ಯ ನೀರು ಕುಡಿಯಿರಿ. ಬೆಣ್ಣೆದೋಸೆ ಕಾರ್ಯಕ್ರಮ ಆದ ಮೇಲೆ. ಬಾಯಿ ಜಿಡ್ಡಾಗಿದ್ದರೆ ಒತ್ತಕ್ಷರ ಹೇಳಲು ಆಗುವುದಿಲ್ಲ.

ಗೆರೆ ಇರುವ ಪದ ಬರುವ ಮುಂಚಿನ ಪದದಲ್ಲೇ ವೇಗ ಇಳಿಸಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಕಷ್ಟದ ಪದ ಬೇಗ ದಾಟಿಬಿಡೋಣ ಎಂದು ಓಡುತ್ತಾರೆ, ಅಲ್ಲೇ ಬೀಳುತ್ತಾರೆ.

ಬಿದ್ದರೆ? ಆ ಪದವನ್ನೇ ಹಿಡಿದು ‘ಸ್ವಾ... ಸ್ವಾತ... ಸ್ವಾತಂ...’ ಎಂದು ಗುದ್ದಾಡಬೇಡಿ. ಒಂದು ಉಸಿರು ತೆಗೆದುಕೊಂಡು ಎರಡು ಮೂರು ಪದ ಹಿಂದಕ್ಕೆ ಹೋಗಿ, ಅಲ್ಲಿಂದ ಮತ್ತೆ ಬನ್ನಿ. ನಗಬೇಡಿ, ನಾಲಿಗೆ ಕಚ್ಚಿಕೊಳ್ಳಬೇಡಿ. ಅಕ್ಷರದ ತಪ್ಪಿಗೆ ಕ್ಷಮೆಯನ್ನೂ ಕೇಳಬೇಡಿ. ಎಷ್ಟೋ ಜನ ಗಮನಿಸಿಯೇ ಇರುವುದಿಲ್ಲ, ನೀವು ಕ್ಷಮೆ ಕೇಳಿದ ಮೇಲೆ ಏನಾಯಿತು ಎಂದು ಪಕ್ಕದವರನ್ನು ವಿಚಾರಿಸುತ್ತಾರೆ. ವ್ಯಕ್ತಿಯ ಹೆಸರು ತಪ್ಪಿದರೆ ಮಾತ್ರ ಅವರ ಕಡೆ ತಿರುಗಿ ‘ಕ್ಷಮಿಸಿ’ ಎಂದು ಹೇಳಿ, ಸರಿಯಾದ ಹೆಸರನ್ನು ಒಮ್ಮೆ ಸ್ಪಷ್ಟವಾಗಿ ಹೇಳಿ ಮುಂದುವರಿಯಿರಿ.

ಪೆನ್ಸಿಲ್ ಗೆರೆ ಇರುವ ಆ ಹಾಳೆಯನ್ನು ಎಸೆಯಬೇಡಿ. ಮುಂದಿನ ವರ್ಷವೂ ಅದೇ ‘ಉದ್ಘಾಟನೆ’, ಅದೇ ‘ಸಾನ್ನಿಧ್ಯ’, ಅದೇ ‘ವಂದನಾರ್ಪಣೆ’ ಬರುತ್ತವೆ.